ಆಷಾಢ ಮುಗಿದ ಮೇಲೂ

ಆಷಾಢದಲ್ಲಿ ಮಗಳು ತವರಿಗೆ ಬಂದರೆ ದಾವಣಗೆರೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಹೊಸದಾಗಿ ಮದುವೆಯಾದವಳು ಬರಲೇಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಮನೆಯಲ್ಲಿ ಇರಬಾರದು ಅನ್ನೋ ನೆಪ ಇದೆಯಲ್ಲ. ನನ್ನ ಚಿಕ್ಕಪ್ಪನ ಮಗಳೂ ಕೆಲವು ವರ್ಷಗಳ ಹಿಂದೆ ಹಾಗೇ ಬಂದಳು. ಚಿತ್ರದುರ್ಗದಿಂದ ಬಸ್ಸಿನಲ್ಲಿ, ಒಂದು ಸೂಟ್‌ಕೇಸು, ಒಂದು ಕೈಚೀಲ. ಎದುರು ಮನೆ ಅಜ್ಜಿ ಕಟ್ಟೆ ಮೇಲೆ ಕೂತಲ್ಲಿಂದಲೇ, "ಆಷಾಢಕ್ಕೆ ಬಂದೇನವ್ವ?" ಎಂದರು. "ಹ್ಞೂಂ ಅಜ್ಜಿ" ಎಂದಳು.

ಅವಳು ವಾಪಸ್ ಹೋಗುವ ಲೆಕ್ಕದಲ್ಲಿ ಬಂದಿರಲಿಲ್ಲ. ಅದು ಆವತ್ತು ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ.

ಆಷಾಢ ಮುಗಿಯಿತು. ನಾಗರಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಉಂಡೆ, ಜೋಕಾಲಿ, ಹೇಗೂ ತವರಿಗೆ ಕರೆಸಿಕೊಳ್ಳುತ್ತಾರೆ. ಅದಾದ ಮೇಲೆ ಗೌರಿ ಹಬ್ಬ, ಬಾಗಿನದ ನೆಪ. ಹೀಗೆ ಹಬ್ಬಗಳೆಲ್ಲ ಸೇರಿ ಎರಡು ತಿಂಗಳ ಮೇಲೆ ಅವಳನ್ನು ಕಾಪಾಡಿದವು. ಮಹಾನವಮಿ ಹೊತ್ತಿಗೆ ನೆಪಗಳು ಖಾಲಿಯಾದವು. ಹೊಸ ಅಳಿಯ ಹಬ್ಬಕ್ಕೆ ಬರಲಿಲ್ಲ. ಬೀದಿಗೆ ಗೊತ್ತಾಯಿತು.

ನಾನು ಆಗ ಮೆಲ್ಬರ್ನ್‌ನಲ್ಲಿದ್ದೆ, ಈಗಲೂ ಇಲ್ಲೇ ಇದ್ದೇನೆ. ನಮ್ಮ ಗಡಿಯಾರ ಊರಿಗಿಂತ ನಾಲ್ಕೂವರೆ ಗಂಟೆ ಮುಂದೆ, ಇಲ್ಲಿನ ಬೇಸಿಗೆಯಲ್ಲಿ ಐದೂವರೆ. ನಾನು ಮಲಗುವ ಹೊತ್ತಿಗೆ ಅಲ್ಲಿ ಸಂಜೆ ಟೀ ಹೊತ್ತು. ಹಾಗಾಗಿ ನಮ್ಮ ಮನೆತನದ ಎಷ್ಟೋ ದೊಡ್ಡ ವಿಷಯಗಳನ್ನು ನಾನು ಅರೆನಿದ್ದೆಯಲ್ಲೇ ಕೇಳಿಸಿಕೊಂಡಿದ್ದೇನೆ. ಇದನ್ನೂ ಹಾಗೇ ಕೇಳಿಸಿಕೊಂಡೆ.

ಅವರಿಬ್ಬರೂ ಯಾಕೆ ಬೇರೆಯಾದರು ಅನ್ನೋದು ಇಲ್ಲಿ ಬೇಡ. ಹೊಡೆತ ಬಡಿತ, ವರದಕ್ಷಿಣೆ, ಕುಡಿತ ಯಾವುದೂ ಇರಲಿಲ್ಲ ಅಂತ ಮಾತ್ರ ಹೇಳುತ್ತೇನೆ. ಅಂಥದ್ದೇನಾದರೂ ಇದ್ದಲ್ಲಿ ಕಾಯುವ ಮಾತೇ ಬರಬಾರದು, ಅದು ಬೇರೆಯೇ ವಿಷಯ. ಇಲ್ಲಿ ಇಬ್ಬರೂ ಒಳ್ಳೆಯವರೇ. ಒಬ್ಬರಿಗೊಬ್ಬರು ಆಗಿಬರಲಿಲ್ಲ, ಅಷ್ಟೇ. ನಾನು ಬರೆಯಲು ಕೂತಿದ್ದು ಆಮೇಲಿನ ಕಾಯುವಿಕೆಯ ಬಗ್ಗೆ. ಡೈವೋರ್ಸ್ ಬೇಕು ಅಂತ ಇಬ್ಬರೂ ಒಪ್ಪಿದ ಮೇಲೂ ಕಾನೂನು ಅವರನ್ನು ಕಾಯಿಸುತ್ತದೆ. ನಮ್ಮ ದೇಶದಲ್ಲೂ ಕಾಯಿಸುತ್ತದೆ, ನಾನಿರುವ ದೇಶದಲ್ಲೂ ಕಾಯಿಸುತ್ತದೆ.

ಊರಲ್ಲಿ ಒಂದು ನಂಬಿಕೆ ಇದೆ. ಫಾರಿನ್‌ನಲ್ಲಿ ಬೆಳಿಗ್ಗೆ ಮದುವೆ, ಸಂಜೆ ಡೈವೋರ್ಸ್ ಅಂತ. ರಜೆಗೆ ಹೋದಾಗ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ನನ್ನ ಎದುರಿಗೇ ಹೇಳಿದವರಿದ್ದಾರೆ. ನಾನು ಸುಮ್ನೆ ನಗುತ್ತಿದ್ದೆ. ಈಗ ಲೆಕ್ಕ ಹೇಳಿಬಿಡುತ್ತೇನೆ.

ನಮ್ಮ ಹಿಂದೂ ವಿವಾಹ ಕಾಯ್ದೆ 1955ರದ್ದು. ಇಬ್ಬರೂ ಒಪ್ಪಿ ಬಿಡಿಸಿಕೊಳ್ಳುವ ದಾರಿ ಅದರಲ್ಲಿ ಮೊದಲು ಇರಲೇ ಇಲ್ಲ. 1976ರ ಮೇ ತಿಂಗಳಲ್ಲಿ ತಿದ್ದುಪಡಿ ಮಾಡಿ 13ಬಿ ಅನ್ನೋ ಕಲಂ ಸೇರಿಸಿದರು. ವಕೀಲರ ಬಾಯಲ್ಲಿ ಅದು 'ಮ್ಯೂಚುವಲ್'. ಒಂದು ವರ್ಷವಾದರೂ ಬೇರೆ ಬೇರೆ ಇದ್ದಿರಬೇಕು. ಆಮೇಲೆ ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಅದು ಫಸ್ಟ್ ಮೋಷನ್. ಅಲ್ಲಿಂದ ಆರು ತಿಂಗಳು ಕಾಯಬೇಕು. ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳ ಒಳಗೆ, ಮತ್ತೆ ಬಂದು "ನಮ್ಮ ಮನಸ್ಸು ಬದಲಾಗಿಲ್ಲ" ಅನ್ನಬೇಕು. ಅದು ಸೆಕೆಂಡ್ ಮೋಷನ್. ಆಗ ಡಿಕ್ರಿ, ಅಂದರೆ ಮದುವೆ ಮುಗಿಯಿತು ಅನ್ನೋ ಕೋರ್ಟಿನ ಆದೇಶ.

ಆಸ್ಟ್ರೇಲಿಯಾದ ಈಗಿನ ಕುಟುಂಬ ಕಾಯ್ದೆ 1975ರದ್ದು, ಜಾರಿಗೆ ಬಂದದ್ದು 1976ರ ಜನವರಿ 5ರಂದು. ಅಂದರೆ ತಪ್ಪು ಹೊರಿಸದೆ ಬೇರೆಯಾಗಬಹುದು ಎಂಬ ಈ ಎರಡು ಬಾಗಿಲುಗಳು, ಇಲ್ಲಿನ ಕಾಯ್ದೆ ಮತ್ತು ನಮ್ಮ 13ಬಿ, ಒಂದೇ ವರ್ಷ ತೆರೆದವು. ಇಲ್ಲಿ ಅದಕ್ಕೂ ಮುಂಚೆ ಹದಿನಾಲ್ಕು ಕಾರಣಗಳ ಪಟ್ಟಿ ಇತ್ತು, ಹೆಚ್ಚಿನವು ಗಂಡನೋ ಹೆಂಡತಿಯೋ ತಪ್ಪು ಮಾಡಿದ್ದಾರೆ ಅಂತ ತೋರಿಸುವಂಥವು. ಈಗ ಒಂದೇ ಕಾರಣ: ಸಂಬಂಧ ಮುರಿದಿದೆ, ಜೋಡಿಸಲಾಗದಷ್ಟು. ಅದಕ್ಕೆ ಸಾಕ್ಷಿ ಹನ್ನೆರಡು ತಿಂಗಳು ಬೇರೆ ಇದ್ದದ್ದು. ಆಮೇಲೆ ಅರ್ಜಿ, ಆಮೇಲೆ ಕೋರ್ಟು ಕೊಟ್ಟ ತಾರೀಕು. ಆದೇಶ ಬಂದ ಮೇಲೂ ಒಂದು ತಿಂಗಳು ಒಂದು ದಿನ ಕಾಯಬೇಕು. ಅಲ್ಲಿಯವರೆಗೆ ಇನ್ನೊಂದು ಮದುವೆಯಾಗುವಂತಿಲ್ಲ.

ಕೂಡಿ ನೋಡಿ. ಅಲ್ಲಿ ಹದಿನೆಂಟು ತಿಂಗಳು. ಇಲ್ಲಿ ಹದಿಮೂರು ತಿಂಗಳ ಜೊತೆಗೆ ಅರ್ಜಿ ಓಡಾಡುವ ತಿಂಗಳುಗಳು. ವ್ಯತ್ಯಾಸ ಒಂದು ಮಳೆಗಾಲದ್ದೂ ಇಲ್ಲ.

ಬೇರೆ ಕಡೆಯೂ ಹೀಗೇ. ಜರ್ಮನಿಯಲ್ಲಿ ಒಂದು ವರ್ಷ ಬೇರೆ ಇರಬೇಕು. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಹೊಸ ಪದ್ಧತಿ: ಅರ್ಜಿಯಿಂದ ಇಪ್ಪತ್ತು ವಾರ, ಆಮೇಲೆ ಆರು ವಾರ ಒಂದು ದಿನ. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು. ಐರ್ಲೆಂಡಿನಲ್ಲಿ ಡೈವೋರ್ಸ್ ಅನ್ನೋದೇ 1995ರ ಜನಮತದ ತನಕ ಇರಲಿಲ್ಲ. ಆಮೇಲೂ ಐದು ವರ್ಷದಲ್ಲಿ ನಾಲ್ಕು ವರ್ಷ ಬೇರೆ ಇದ್ದಿರಬೇಕಿತ್ತು, 2019ರಲ್ಲಿ ಮತ್ತೆ ಜನರನ್ನು ಕೇಳಿ ಕಡಿಮೆ ಮಾಡಿಕೊಂಡರು. ಚೀನಾ 2021ರಲ್ಲಿ ಹೊಸದಾಗಿ ಮೂವತ್ತು ದಿನ ಸೇರಿಸಿತು. ಕಾಯಿಸುವ ಚಟ ನಮ್ಮದೊಂದೇ ಅಲ್ಲ.

ಹಾಗಾಗಿ ಆರು ತಿಂಗಳು ಜಾಸ್ತಿಯೋ ಕಡಿಮೆಯೋ ಅನ್ನೋ ವಾದದಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಆ ತಿಂಗಳುಗಳನ್ನು ಯಾರು, ಎಲ್ಲಿ ಕೂತು ಕಳೆಯುತ್ತಾರೆ? ಕಳೆಯುವಾಗ ಅವರಿಗೆ ಏನು ಮಾಡಲು ಬಿಡುತ್ತೇವೆ? ನಾನು ಜಗಳಕ್ಕೆ ಬರುವುದು ಅಲ್ಲಿ.

ತಂಗಿ ಕಾದದ್ದು ತವರಿನಲ್ಲಿ. ಮದುವೆಯಾಗಿ ಹೋದ ಮೇಲೆ ಅವಳ ಕೋಣೆ ತಮ್ಮನದಾಗಿತ್ತು. ಅವನು ಪಾಪ ಒಳ್ಳೆಯ ಹುಡುಗ, ಬಿಟ್ಟುಕೊಡುತ್ತೇನೆ ಅಂದ. ಇವಳೇ ಬೇಡ ಅಂದಳು. ಹಾಲ್‌ನಲ್ಲಿ ದಿವಾನ್ ಮೇಲೆ ಮಲಗಿದಳು. ಬೆಳಿಗ್ಗೆ ಹಾಲಿನವನು ಬರುವ ಮುಂಚೆ ಹಾಸಿಗೆ ಮಡಚಿ ಇಡಬೇಕು. ಹುಟ್ಟಿದ ಮನೆಯಲ್ಲೇ ನೆಂಟಳ ಹಾಗೆ. ಗಂಡ ಕಾದದ್ದು ತನ್ನ ಮನೆಯಲ್ಲಿ, ತನ್ನ ಮಂಚದ ಮೇಲೆ. ಅವನಿಗೆ ಸಂಕಟ ಇರಲಿಲ್ಲ ಅಂತಲ್ಲ. ಆದರೆ ಅವನ ವಿಳಾಸ ಬದಲಾಗಲಿಲ್ಲ.

ಇನ್ನು ತಾಳಿ. ಇದನ್ನು ಯಾವ ಕಾನೂನಿನ ಪುಸ್ತಕದಲ್ಲೂ ಬರೆದಿಲ್ಲ ನೋಡಿ. ಫಸ್ಟ್ ಮೋಷನ್ ಆಗಿದೆ, ಸೆಕೆಂಡ್ ಮೋಷನ್ ಆಗಿಲ್ಲ. ಈ ಆರು ತಿಂಗಳು ತಾಳಿ, ಕಾಲುಂಗುರ ಹಾಕಿಕೊಳ್ಳಬೇಕಾ ಬೇಡವಾ? ಕಾನೂನಿನ ಪ್ರಕಾರ ಅವಳಿನ್ನೂ ಹೆಂಡತಿ. ಹಾಕಿಕೊಂಡರೆ, "ಸರಿಹೋಯ್ತೇನವ್ವ?" ಅಂತ ಕೇಳುತ್ತಾರೆ. ತೆಗೆದರೆ ಕೇಳುವುದಿಲ್ಲ, ನೋಡುತ್ತಾರೆ. ಚಿಕ್ಕಮ್ಮ ಹೊರಗೆ ಹೋಗುವಾಗ ಹಾಕ್ಕೋ ಅನ್ನುತ್ತಿದ್ದರು. ತಂಗಿ ಅದನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದಳು. ಮನೆಯಿಂದ ಹೊರಡುವಾಗ ಕೊರಳಲ್ಲಿ, ಬೀದಿ ದಾಟಿದ ಮೇಲೆ ಪರ್ಸಿನಲ್ಲಿ. ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆಯಬೇಕಾ ಬೇಡವಾ ಅಂತ ಪಕ್ಕದ ಮನೆಯವರಿಗೂ ಗೊಂದಲ. ಅವರ ತಪ್ಪೂ ಅಲ್ಲ. ಕೆಲವರು ಕರೆದರು. ಕೆಲವರು ತಟ್ಟೆಯಲ್ಲಿ ಪ್ರಸಾದ ಮನೆಗೇ ಕಳಿಸಿದರು, ಅದು ಕರೆಯದೇ ಇರುವುದಕ್ಕಿಂತ ಜಾಸ್ತಿ ನೋಯಿಸಿತು ಎಂದಳು.

ಈಗ ಮೆಲ್ಬರ್ನ್ ಕಥೆ. ಅದೇ ಹೊತ್ತಿಗೆ ನನ್ನ ಜೊತೆ ಕೆಲಸ ಮಾಡುವ ಒಬ್ಬನ ಮದುವೆ ಮುರಿಯಿತು. ಇಲ್ಲೇ ಹುಟ್ಟಿ ಬೆಳೆದವನು. ಒಂದು ದಿನ ಮಧ್ಯಾಹ್ನ, "ನಿನ್ನಿಂದ ಒಂದು ಅಫಿಡವಿಟ್ ಬೇಕು" ಅಂದ. ನಾನು ಅವರ ಮನೆಗೆ ಆಗಾಗ ಹೋಗುತ್ತಿದ್ದೆ, ಅದಕ್ಕೆ. ವಿಷಯ ಏನೆಂದರೆ, ಇಬ್ಬರೂ ಬೇರೆಯಾಗಿದ್ದರು, ಆದರೆ ಅದೇ ಮನೆಯಲ್ಲಿದ್ದರು. ಮನೆ ಸಾಲದ ಕಂತು, ಜೊತೆಗೆ ಇಲ್ಲಿನ ಬಾಡಿಗೆ. ಎರಡು ಮನೆ ಯಾರು ನಡೆಸುತ್ತಾರೆ? ಇಲ್ಲಿನ ಕಾನೂನು ಅದನ್ನು ಒಪ್ಪುತ್ತದೆ. ಒಂದೇ ಸೂರಿನಡಿ ಇದ್ದೂ ಬೇರೆಯಾಗಿರಬಹುದು. ಆದರೆ ಹಾಗೆ ಇದ್ದೆವು ಅಂತ ತೋರಿಸಬೇಕು, ಅದಕ್ಕೆ ಹೊರಗಿನವರೊಬ್ಬರ ಸಾಕ್ಷಿ ಬೇಕಾಗುತ್ತದೆ.

ಏನು ಬರೆಯಬೇಕು ಅಂತ ಅವನ ವಕೀಲೆ ಹೇಳಿಕೊಟ್ಟರು. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ. ಅಡುಗೆ ಯಾರು ಯಾರಿಗೆ ಮಾಡುತ್ತಾರೆ. ಬಟ್ಟೆ ಒಟ್ಟಿಗೆ ಒಗೆಯುತ್ತಾರಾ. ಸಮಾರಂಭಗಳಿಗೆ ಜೋಡಿಯಾಗಿ ಹೋಗುತ್ತಾರಾ. ಬ್ಯಾಂಕ್ ಖಾತೆ ಬೇರೆ ಮಾಡಿಕೊಂಡಿದ್ದಾರಾ. ನೆಂಟರಿಗೆ ಹೇಳಿದ್ದಾರಾ. ನಾನು ಕೂತು ನೆನಪು ಮಾಡಿಕೊಂಡೆ. ಫ್ರಿಜ್ಜಿನಲ್ಲಿ ಮೇಲಿನ ಶೆಲ್ಫ್ ಅವಳದು, ಕೆಳಗಿನದು ಅವನದು. ಹಾಲಿನ ಎರಡು ಡಬ್ಬಿ, ಒಂದರ ಮೇಲೆ ಮಾರ್ಕರ್‌ನಲ್ಲಿ ಅವನ ಹೆಸರಿನ ಮೊದಲ ಅಕ್ಷರ. ಇದನ್ನೆಲ್ಲ ಬರೆದು, ಸಹಿಗೆ ಸಾಕ್ಷಿ ಹಾಕಿಸಲು ಲೈಬ್ರರಿಯಲ್ಲಿ ಕೂರುವ ಜಸ್ಟಿಸ್ ಆಫ್ ದ ಪೀಸ್ ಹತ್ತಿರ ಹೋದೆ. ಹಿರಿಯರೊಬ್ಬರು, ದುಡ್ಡು ತಗೊಳ್ಳದೆ ಈ ಸೇವೆ ಮಾಡುತ್ತಾರೆ. ನನ್ನ ಹೆಸರು ಮೂರು ಸಲ ಓದಿ, ಮುದ್ರೆ ಒತ್ತಿ, "ಹವಾಮಾನ ಚೆನ್ನಾಗಿದೆ ಅಲ್ವಾ" ಅಂದರು. ಇನ್ನೊಬ್ಬನ ಸಂಸಾರದ ಹಾಲಿನ ಡಬ್ಬಿ ಬಗ್ಗೆ ಸತ್ಯಪ್ರಮಾಣ ಮಾಡಿ ಆಚೆ ಬಂದೆ.

ಇದನ್ನು ಆವತ್ತು ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಬಹಳ ಹೊತ್ತು ನಕ್ಕರು. "ಅದಕ್ಯಾಕೋ ಅಫಿಡವಿಟ್ಟು? ನಿಮ್ಮಜ್ಜ ಅಜ್ಜಿ ಒಂಬತ್ತು ವರ್ಷ ಮಾತಾಡಿರಲಿಲ್ಲ. 'ಉಣ್ಣಾಕೆ ಬಾ ಅಂತ ನಿಮ್ಮಪ್ಪಂಗೆ ಹೇಳು' ಅಂತ ನಮ್ಮ ಕೈಲೇ ಹೇಳಿ ಕಳಿಸೋರು. ಎದುರಿಗೇ ಕೂತಿರೋರು!" ಅಂದರು. ನನಗೆ ಅಜ್ಜಿಯ ನೆನಪಿದೆ, ಈ ಕಥೆ ಗೊತ್ತಿರಲಿಲ್ಲ. ಇಲ್ಲಿನ ಲೆಕ್ಕದಲ್ಲಿ ಅವರಿಬ್ಬರೂ ಒಂಬತ್ತು ಸಲ ಡೈವೋರ್ಸ್ ಪಡೆಯಬಹುದಿತ್ತು.

ತಮಾಷೆ ಇರಲಿ. ನಮ್ಮ ಕಾನೂನೂ ಇದನ್ನು ಒಪ್ಪುತ್ತದೆ, ಬಹಳ ಜನಕ್ಕೆ ಗೊತ್ತಿಲ್ಲ. 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು: ಬೇರೆ ಇರುವುದು ಅಂದರೆ ಗಂಡ ಹೆಂಡತಿಯಾಗಿ ಬಾಳದೇ ಇರುವುದು, ಒಂದೇ ಮನೆಯಲ್ಲಿದ್ದರೂ ಹಾಗೆ ಇರಬಹುದು ಅಂತ. ಅದು ಸಾಲದು ಅಂದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಹೆಂಡತಿಗೆ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅದರಲ್ಲಿದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಆ ಹಕ್ಕು ಬರಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಕಾಗದದ ಮೇಲೆ ತಂಗಿ ಚಿತ್ರದುರ್ಗದ ಮನೆಯಲ್ಲೇ ಇದ್ದು ಕಾಯಬಹುದಿತ್ತು. ಆದರೆ ಬೆಳಿಗ್ಗೆ ಎದ್ದು ಆ ಅಡುಗೆಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಅಲ್ಲಿ ಫ್ರಿಜ್ಜಿನಲ್ಲಿ ಅವಳಿಗೆ ಬೇರೆ ಶೆಲ್ಫ್ ಯಾರೂ ಬಿಟ್ಟುಕೊಡುವುದಿಲ್ಲ. ಫ್ರಿಜ್ಜೇ ಅತ್ತೆಯದು.

ಈ ವಿಷಯದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಕಾಲೇಜಿನ ಗೆಳೆಯನೊಬ್ಬನ ಮಾತು. ದಾವಣಗೆರೆಯವನೇ, ಮುಸ್ಲಿಂ. ತಂಗಿಯ ಕಥೆ ಹೇಳಿದಾಗ, "ನಮ್ಮಲ್ಲಿ ಇದ್ದತ್ ಇದೆಯಲ್ಲ" ಅಂದ. ತಲಾಖ್ ಆದ ಮೇಲೆ ಹೆಂಗಸು ಮೂರು ಮುಟ್ಟಿನ ಅವಧಿ ಕಾಯಬೇಕು. ಬಸುರಿಯಾದರೆ ಹೆರಿಗೆಯ ತನಕ. ಅಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವನು ಹೇಳಿದ. ಕುರ್‌ಆನಿನ 65ನೇ ಅಧ್ಯಾಯದ ಹೆಸರೇ ತಲಾಖ್. ಅದರ ಶುರುವಿನಲ್ಲೇ, ಆ ಅವಧಿ ಮುಗಿಯುವವರೆಗೆ ಅವರನ್ನು ಮನೆಯಿಂದ ಹೊರಹಾಕಬೇಡಿ ಅಂತ ಇದೆ. ನೀವಿರುವ ಕಡೆಯೇ, ನಿಮ್ಮ ಶಕ್ತಿಗೆ ತಕ್ಕಂತೆ ಅವರನ್ನೂ ಇರಿಸಿ ಅಂತ ಮುಂದೆ ಬರುತ್ತದೆ. "ಹಾಗೆ ನಡೆಯುತ್ತಾ?" ಅಂದೆ. "ಎಲ್ಲಿ ನಡೆಯುತ್ತೆ ಮಾರಾಯ, ಅವಳು ಆಟೋ ಹತ್ತಿ ತವರಿಗೇ ಬರೋದು" ಅಂದ. ನಡೆಯುವುದು ಬಿಡುವುದು ಆಮೇಲಿನ ಮಾತು. ಕಾಯಬೇಕಾದವಳು ಎಲ್ಲಿ ಕೂತು ಕಾಯಬೇಕು ಅನ್ನೋದನ್ನೂ ಯೋಚಿಸಿದ ಕಟ್ಟಳೆ ಅದು. ನಮ್ಮ 13ಬಿ ಎಷ್ಟು ದಿನ ಅಂತ ಹೇಳುತ್ತದೆ. ಎಲ್ಲಿ, ಯಾರ ಖರ್ಚಿನಲ್ಲಿ ಅನ್ನುವುದಿಲ್ಲ. ಕೇಸು ನಡೆಯುವಾಗ ಜೀವನಕ್ಕೆ ಹಣ ಕೇಳಲು 24ನೇ ಕಲಂ ಇದೆ, ನಿಜ. ಆದರೆ ಮ್ಯೂಚುವಲ್‌ನಲ್ಲಿ ಹೋಗುವಾಗ ಅದನ್ನು ಎತ್ತಿದರೆ ಎಲ್ಲಿ ಒಪ್ಪಿಗೆ ಮುರಿಯುತ್ತದೋ ಅಂತ ಹೆದರಿಕೆ. ಚಿಕ್ಕಪ್ಪ ಎತ್ತಲಿಲ್ಲ.

ಒಪ್ಪಿಗೆ ಮುರಿಯುವ ಹೆದರಿಕೆ ಸುಮ್ನೆ ಬಂದದ್ದಲ್ಲ. ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೊಳ್ಳಬಹುದು, ಅದೂ ಆ 1991ರ ತೀರ್ಪಿನಲ್ಲೇ ಇದೆ. ಒಳ್ಳೆಯ ಉದ್ದೇಶದ ಮಾತೇ. ಯಾರದೋ ಒತ್ತಡಕ್ಕೆ ಸಹಿ ಹಾಕಿದವರಿಗೆ ಹಿಂದೆ ಸರಿಯಲು ದಾರಿ ಬೇಕಲ್ಲ. ಆದರೆ ಊರಲ್ಲಿ ಆ ಆರು ತಿಂಗಳು ಚೌಕಾಶಿಯ ತಿಂಗಳುಗಳಾಗುತ್ತವೆ. ಬಂಗಾರ ಎಷ್ಟು ಗ್ರಾಂ, ಮದುವೆ ಖರ್ಚು ಯಾರದು, ಪಾತ್ರೆ ಎಷ್ಟು. ಎರಡೂ ಕಡೆಯ ಹಿರಿಯರು ಪಾತ್ರೆ ಪಟ್ಟಿ ಇಟ್ಟುಕೊಂಡು ಕೂತರು. ಕೊಡಪಾನ ಎರಡು, ಇಡ್ಲಿ ಪಾತ್ರೆ ಒಂದು, ಸ್ಟೀಲ್ ಡಬ್ಬಿ ಹನ್ನೊಂದು. ಹನ್ನೊಂದಾ ಹನ್ನೆರಡಾ ಅಂತ ಒಂದು ಇಡೀ ಭಾನುವಾರ ಹೋಯಿತಂತೆ. ಇಷ್ಟು ತಣ್ಣಗಾಗಲಿ ಅಂತ ಕೊಟ್ಟ ಸಮಯ, ಹೆಸರೇ ಕೂಲಿಂಗ್ ಪೀರಿಯಡ್. ಅದು ಒಲೆ ಮೇಲೆ ಇಟ್ಟ ಹಾಗೆ ಆಯಿತು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ತಂಗಿ ತವರಿಗೆ ಬಂದು ಒಂಬತ್ತು ತಿಂಗಳಾಗಿತ್ತು. ಹುಡುಗ ಫೋನ್ ಮಾಡಿದ. ಇಬ್ಬರೂ ಕುಂದವಾಡ ಕೆರೆ ಏರಿಯ ಮೇಲೆ ಎರಡು ಸುತ್ತು ನಡೆದರು. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಸಣ್ಣದೊಂದು ಮನೆ ಮಾಡಿ, ದೊಡ್ಡವರು ಯಾರೂ ಇಲ್ಲದೆ, ಎರಡು ಮೂರು ತಿಂಗಳು ಇದ್ದು ನೋಡೋಣವಾ ಅಂದ. ಇವಳಿಗೂ ನೋಡೋಣ ಅನ್ನಿಸಿತು. ನನಗೆ ಫೋನ್ ಮಾಡಿ, "ಅಣ್ಣ, ಏನು ಮಾಡ್ಲಿ?" ಅಂದಳು. ನಾನು ಹೋಗು ಅಂದೆ.

ವಕೀಲರು ಬೇಡ ಅಂದರು. ಅವರು ಹೇಳಿದ್ದು ಇಷ್ಟು: ಬೇರೆ ಇದ್ದ ಒಂದು ವರ್ಷ ಅನ್ನೋದು ಅರ್ಜಿಗೆ ಮುಂಚಿನ ಸತತ ಒಂದು ವರ್ಷ. ಮಧ್ಯೆ ಸಂಸಾರ ಮಾಡಿದರೆ ಆ ಲೆಕ್ಕ ಮುರಿಯುತ್ತದೆ. ಆಗಲಿಲ್ಲ ಅಂದರೆ ಮತ್ತೆ ಮೊದಲಿಂದ ಎಣಿಸಬೇಕು. ಚಿಕ್ಕಪ್ಪ ಬೆರಳು ಮಡಚಿ ಎಣಿಸಿದರು. ಮೂರು ತಿಂಗಳು, ಅದಾದ ಮೇಲೆ ಒಂದು ವರ್ಷ, ಅದಾದ ಮೇಲೆ ಆರು ತಿಂಗಳು. ಇವಳಿಗೆ ಆಗ ಇಪ್ಪತ್ತೇಳು. "ಬೇಡಮ್ಮ" ಅಂದರು. ಅವಳು ಹೋಗಲಿಲ್ಲ. ಹುಡುಗ ಇನ್ನೆರಡು ಸಲ ಫೋನ್ ಮಾಡಿ ಸುಮ್ಮನಾದ.

ಆಸ್ಟ್ರೇಲಿಯಾದ ಕಾಯ್ದೆಯಲ್ಲಿ ಇದಕ್ಕೊಂದು ಕಲಂ ಇದೆ, 50ನೆಯದು. ಬೇರೆಯಾದವರು ಒಂದು ಸಲ ಮತ್ತೆ ಒಟ್ಟಿಗೆ ಇದ್ದು ನೋಡಬಹುದು, ಮೂರು ತಿಂಗಳವರೆಗೆ. ಆಗಿಬರಲಿಲ್ಲ ಅಂದರೆ ಹಿಂದೆ ಕಾದ ತಿಂಗಳುಗಳು ವ್ಯರ್ಥವಾಗುವುದಿಲ್ಲ. ಒಟ್ಟಿಗಿದ್ದ ದಿನಗಳನ್ನು ಬಿಟ್ಟು, ಮುಂಚಿನದನ್ನೂ ಆಮೇಲಿನದನ್ನೂ ಕೂಡಿಸಿಕೊಳ್ಳಬಹುದು. ನನ್ನ ಸಹೋದ್ಯೋಗಿ ಇದನ್ನು ಬಳಸಿದ್ದ. ನಾಲ್ಕನೇ ತಿಂಗಳು ಇಬ್ಬರೂ ಮತ್ತೆ ಸೇರಿ, ಆರು ವಾರಕ್ಕೆ ಮತ್ತೆ ಬೇರೆಯಾದರು. ಫ್ರಿಜ್ಜಿನ ಶೆಲ್ಫ್‌ಗಳು ಒಂದಾಗಿ, ಮತ್ತೆ ಎರಡಾದವು. ಕ್ಯಾಲೆಂಡರ್‌ನಲ್ಲಿ ಆ ಆರು ವಾರ ಕಳೆದು ಮುಂದೆ ಎಣಿಸಿದರು, ಅಷ್ಟೇ.

ತಂಗಿ ಬೆಂಗಳೂರಿಗೆ ಹೋಗಿದ್ದರೆ ಬಾಳುತ್ತಿದ್ದಳು ಅಂತ ನಾನು ಹೇಳುತ್ತಿಲ್ಲ. ಬಹುಶಃ ಆರು ವಾರಕ್ಕೆ ಅವಳೂ ವಾಪಸ್ ಬರುತ್ತಿದ್ದಳೇನೋ. ಆದರೆ ಮನೆ ಒಡೆಯದಿರಲಿ ಅಂತ ಮಾಡಿದ ಕಾನೂನು, ಮನೆ ಕಟ್ಟಲು ಹೊರಟವರನ್ನು ಹೆದರಿಸಿ ಕೂರಿಸಿತಲ್ಲ! ಇದು ದೊಡ್ಡ ತಿದ್ದುಪಡಿಯೂ ಅಲ್ಲ. ಒಂದು ಸಾಲು ಸೇರಿಸಿದರೆ ಸಾಕು.

2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಕಾಯುವಿಕೆ ಕಡ್ಡಾಯ ಅಲ್ಲ, ಕೋರ್ಟು ಮನ್ನಾ ಮಾಡಬಹುದು ಅಂತ ಹೇಳಿದ್ದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಚಿಕ್ಕಪ್ಪ ಅದನ್ನೇ ಹಿಡಿದುಕೊಂಡು ವಕೀಲರ ಹತ್ತಿರ ಹೋದರು. ಮೊದಲ ಷರತ್ತೇ, ಅರ್ಜಿ ಹಾಕುವ ಮುಂಚೆ ಒಂದೂವರೆ ವರ್ಷ ಬೇರೆ ಇದ್ದಿರಬೇಕು. ರಾಜಿ ಪ್ರಯತ್ನ ಮುಗಿದಿರಬೇಕು, ಕೊಡು ಕೊಳ್ಳುವುದೆಲ್ಲ ತೀರಿರಬೇಕು. ಅಂದರೆ ಈಗ ಹಾಕಿ ಆಮೇಲೆ ಕಾಯಿರಿ, ಇಲ್ಲಾ ಈಗ ಕಾದು ಆಮೇಲೆ ಹಾಕಿ. ಹೇಗೆ ಮಡಚಿದರೂ ಸೀರೆ ಅದೇ ಆರು ಗಜ. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮದುವೆ ಪೂರ್ತಿ ಮುರಿದಿದ್ದರೆ ಸುಪ್ರೀಂ ಕೋರ್ಟೇ ಸಂವಿಧಾನದ 142ನೇ ವಿಧಿಯಲ್ಲಿ ನೇರವಾಗಿ ಡೈವೋರ್ಸ್ ಕೊಡಬಹುದು ಅಂದಿತು. ಒಳ್ಳೆಯದೇ. ದಾವಣಗೆರೆಯಿಂದ ದೆಹಲಿಗೆ ಎಷ್ಟು ಜನ ಹೋಗುತ್ತಾರೆ?

ಹಳಬರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಪಂಚಾಯ್ತಿ ಸೇರಿಸಿ, ಬಿಡುಗಡೆ ಪತ್ರ ಬರೆಸಿ, ಒಂದೇ ಸಂಜೆಗೆ ಮುಗಿಸುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಅದಕ್ಕೆ ಸೋಡಚೀಟಿ ಅನ್ನುತ್ತಾರೆ. ಆ ಪದ್ಧತಿ ತಮ್ಮ ಸಮುದಾಯದಲ್ಲಿ ಇದೆ ಅಂತ ಸಾಬೀತು ಮಾಡಿದರೆ 1955ರ ಕಾಯ್ದೆ ಈಗಲೂ ಒಪ್ಪುತ್ತದೆ. ಕಾಯುವುದೇ ಇಲ್ಲ ಅಲ್ಲಿ. ನನಗೇನೋ ಅದರ ಮೇಲೆ ಆಸೆ ಇಲ್ಲ. ಆ ಸಂಜೆ ಪಂಚಾಯ್ತಿ ಕಟ್ಟೆ ಮೇಲೆ ಕೂತವರೆಲ್ಲ ಗಂಡಸರೇ ಇರುತ್ತಿದ್ದರು. ಇನ್ನು ಸಿರಿಗೆರೆ. ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರ ನಡೆಯುತ್ತದೆ. ಹೊಲದ ಬದುವಿನ ಜಗಳದಿಂದ ಹಿಡಿದು ಗಂಡ ಹೆಂಡತಿ ಜಗಳದ ತನಕ ಜನ ಅಲ್ಲಿಗೆ ಒಯ್ಯುತ್ತಾರೆ. ನಮ್ಮ ದೊಡ್ಡಪ್ಪ, "ಒಂದ್ಸಲ ಅಲ್ಲಿ ಹೇಳಿಕೊಳ್ಳೋಣ" ಅಂದಿದ್ದರು. ತಂಗಿ, "ಜಗಳ ಇದ್ದರೆ ಹೋಗಬಹುದಿತ್ತು ದೊಡ್ಡಪ್ಪ, ನಾವು ಜಗಳಾನೇ ಆಡಿಲ್ಲ" ಅಂದಳಂತೆ. ದೊಡ್ಡಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಮೆಲ್ಬರ್ನ್‌ನದ್ದೇ ಸರಿ ಅಂತ ನಾನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಸಹೋದ್ಯೋಗಿ ಆ ವರ್ಷ ಇಡೀ ಮಧ್ಯಾಹ್ನದ ಊಟ ಕಾರಿನಲ್ಲಿ ಕೂತು ಮಾಡಿದ. ಯಾರೂ ಏನೂ ಕೇಳಲಿಲ್ಲ. ಕೇಳುವುದು ಇಲ್ಲಿ ಅಸಭ್ಯತೆ. ಆದೇಶ ಬಂದದ್ದು ಇಮೇಲ್‌ನಲ್ಲಿ. ಒಂದು ತಿಂಗಳು ಒಂದು ದಿನ ಮುಗಿದ ದಿನ ಅವನು ಡಿಶ್‌ವಾಷರ್ ರಿಪೇರಿಯವನಿಗೆ ಕಾಯುತ್ತಾ ಮನೆಯಲ್ಲಿದ್ದ, ಆಮೇಲೆ ನೆನಪಾಯಿತಂತೆ. ದಾವಣಗೆರೆಯಲ್ಲಿ ತಂಗಿಯನ್ನು ಕೇಳದವರಿಲ್ಲ. ಕೇಳಿ ಕೇಳಿ ಸಾಯಿಸಿದರು. ಆದರೆ ಎದುರು ಮನೆ ಅಜ್ಜಿ ಆ ಒಂದೂವರೆ ವರ್ಷದಲ್ಲಿ ಎಷ್ಟು ಸಲ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟರೋ ಲೆಕ್ಕ ಇಲ್ಲ. ಎರಡರಲ್ಲಿ ಯಾವುದು ವಾಸಿ ಅಂತ ಕೇಳಿದರೆ ನಾನು ಒಂದೊಂದು ದಿನ ಒಂದೊಂದು ಉತ್ತರ ಕೊಡುತ್ತೇನೆ.

ಸೆಕೆಂಡ್ ಮೋಷನ್ ದಿನ ನ್ಯಾಯಾಧೀಶರು ಮೆಲ್ಲಗೆ, "ಯಾರ ಬಲವಂತವೂ ಇಲ್ಲ ತಾನೇ?" ಅಂತ ಇಬ್ಬರನ್ನೂ ಬೇರೆ ಬೇರೆ ಕೇಳಿದರಂತೆ. ಹತ್ತು ನಿಮಿಷ. ಹೊರಗೆ ಬಂದ ಮೇಲೆ ಚಿಕ್ಕಪ್ಪ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದರು. ಖುಷಿಗಲ್ಲ, ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ. ಹುಡುಗನನ್ನೂ ಕರೆದರು. ಅವನೂ ಬಂದು ಒಂದು ದೋಸೆ ತಿಂದು, ಚಿಕ್ಕಪ್ಪನ ಕಾಲಿಗೆ ನಮಸ್ಕಾರ ಮಾಡಿ ಚಿತ್ರದುರ್ಗದ ಬಸ್ ಹತ್ತಿದ.

ಪಾತ್ರೆಗಳು ಅದಾದ ವಾರಕ್ಕೆ ಬಂದವು. ಡಬ್ಬಿ ಹನ್ನೆರಡೇ ಇದ್ದವು. ನಮ್ಮಲ್ಲಿ ಮದುವೆಗೆ ಕೊಡುವ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸುತ್ತಾರಲ್ಲ, ಎಲ್ಲದರ ಮೇಲೂ ಇಬ್ಬರ ಹೆಸರು, ಮದುವೆ ತಾರೀಕು. ಅಳಿಸಿಕೊಡಿ ಅಂತ ಪಾತ್ರೆ ಅಂಗಡಿಗೆ ಒಯ್ದರೆ, "ಉಜ್ಜಿದ್ರೆ ತೂತು ಬೀಳುತ್ತೆ ಅಮ್ಮ, ಹೊಸದು ತಗೊಳ್ಳಿ" ಅಂದನಂತೆ. ಚಿಕ್ಕಮ್ಮ ಹೊಸದು ತಗೊಳ್ಳಲಿಲ್ಲ. ಅವೇ ಡಬ್ಬಿಗಳಲ್ಲಿ ಬೇಳೆ, ಶೇಂಗಾ, ರವೆ ತುಂಬಿಟ್ಟರು, ಹೆಸರು ಗೋಡೆ ಕಡೆ ತಿರುಗಿಸಿ.

ಕಳೆದ ಸಲ ಊರಿಂದ ಹೊರಟಾಗ ಅಂಥದ್ದೊಂದು ಡಬ್ಬಿಯಲ್ಲೇ ನನಗೆ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು. ಇಲ್ಲಿ ವಿಮಾನ ನಿಲ್ದಾಣದಲ್ಲಿ ತೆಗೆದು ನೋಡಿದ ಅಧಿಕಾರಿ ಕೊರೆದ ಅಕ್ಷರ ತೋರಿಸಿ, ಏನಿದು ಅಂದಳು. ಹೆಸರು ಅಂದೆ. ನಿನ್ನದಾ ಅಂದಳು. ಅಲ್ಲ ಅಂದೆ. ಮುಚ್ಚಿ ವಾಪಸ್ ಕೊಟ್ಟಳು. ಚಟ್ನಿಪುಡಿ ಯಾವತ್ತೋ ಮುಗಿಯಿತು. ಮೊನ್ನೆ ಫೋನಿನಲ್ಲಿ ತಂಗಿಗೆ, "ಬರುವಾಗ ಡಬ್ಬಿ ವಾಪಸ್ ತರಲಾ?" ಎಂದೆ. ಅವಳೀಗ ಹರಿಹರದಲ್ಲಿ ಶಾಲೆಗೆ ಪಾಠ ಮಾಡಲು ಹೋಗುತ್ತಾಳೆ, ಬಸ್ಸಿನಲ್ಲಿದ್ದಳು, ಗದ್ದಲ. "ಯಾವ ಡಬ್ಬಿ?" ಅಂದಳು.